ಹೂಂ ಅನ್ನಬಾರದಿದ್ದ ಮಳೆಗಾಲ

ಕಳೆದ ತಿಂಗಳು ಸೋದರಮಾವನ ಫೋನ್ ಕೆಟ್ಟಿತು. ನಾವು ಆಡಿದ್ದು ಅವರಿಗೆ ಕೇಳುತ್ತಿತ್ತು, ಅವರು ಆಡಿದ್ದು ನಮಗೆ ಕೇಳುತ್ತಿರಲಿಲ್ಲ. ರಿಪೇರಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಗೆ ಹತ್ತಿರದಲ್ಲೇ ಒಂದು ಚಿಕ್ಕ ಅಂಗಡಿ ಇದೆ. ಅಂಗಡಿಯವರು ಫೋನಿನ ಬೆನ್ನು ಬಿಚ್ಚಿ, ದೀಪದ ಕೆಳಗೆ ಹಿಡಿದು ನೋಡಿದರು.

"ಮೈಕ್ ಹೋಗೈತ್ರಿ ಮೇಡಂ. ಬರೀ ಕೇಳಿಸ್ಕೊಳ್ತೈತೆ, ಮಾತಾಡಲ್ಲ," ಎಂದರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಗಿರಾಕಿಯ ಕಡೆ ತಿರುಗಿ, "ಇಂಥದ್ದೊಂದು ಮನ್ಯಾಗಿರಬೇಕು ನೋಡ್ರಿ, ಎಷ್ಟು ನೆಮ್ಮದಿ!" ಎಂದು ನಕ್ಕರು.

ಕಾದ ಬೆಸುಗೆ ಕಡ್ಡಿ ತಾಗಿದ ಕೂಡಲೇ ರಾಳ ಕರಗಿ, ಬಿಳಿ ಹೊಗೆಯ ಒಂದು ಎಳೆ ಮೇಲೆದ್ದಿತು. ಆ ವಾಸನೆಯ ಜೊತೆ ಒದ್ದೆ ಛತ್ರಿಗಳ ವಾಸನೆಯೂ ಬಂದಂತಾಯಿತು. ಅಂಗಡಿಯಲ್ಲಿ ಒಂದು ಛತ್ರಿಯೂ ಇರಲಿಲ್ಲ. ಹರಿಹರದ ಆ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಎರಡೂ ವಾಸನೆಗಳು ಒಟ್ಟಿಗೇ ಇರುತ್ತಿದ್ದವು. ನಾನು ಅಲ್ಲಿ ಪಾಠಕ್ಕೆ ಸೇರಿದ ಮೊದಲ ಮಳೆಗಾಲವದು.

ಎಂ.ಟೆಕ್. ಮುಗಿಸಿದ ವರ್ಷ. ಹರಿಹರದಿಂದ ಮಲೆಬೆನ್ನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಗದ್ದೆ ಶುರುವಾಗುವಲ್ಲಿ ಒಂದು ಡಿಪ್ಲೊಮಾ ಕಾಲೇಜು. ಅಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕೆಲಸ ಸಿಕ್ಕಿತ್ತು. ಒಂದು ಸೆಮಿಸ್ಟರಿಗೆ ಮಾತ್ರ, ಸರಿಬಂದರೆ ಮುಂದುವರಿಸುತ್ತೇವೆ ಎಂದಿದ್ದರು. ನನ್ನ ವಿಷಯ ನಿಸ್ತಂತು ಸಂವಹನ ಮತ್ತು ಕಂಪ್ಯೂಟರ್ ಜಾಲ. ತಂತಿಯಿಲ್ಲದೆ ಸುದ್ದಿ ಹೇಗೆ ಹೋಗುತ್ತದೆ, ಹೋದದ್ದು ತಲುಪಿತೆಂದು ಕಳಿಸಿದವರಿಗೆ ಹೇಗೆ ತಿಳಿಯುತ್ತದೆ, ಇಷ್ಟೇ ಅದರ ಸಾರ.

ದಾವಣಗೆರೆಯಿಂದ ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಾಲುವೆಗೆ ನೀರು ಬಿಟ್ಟಿದ್ದರು. ಗದ್ದೆ ಕಲೆಸಿ ಬಂದ ಟ್ರ್ಯಾಕ್ಟರುಗಳು ರಸ್ತೆಯ ಮೇಲೆ ಉದ್ದಕ್ಕೂ ಕೆಸರಿನ ಹೆಂಟೆ ಉದುರಿಸಿಕೊಂಡು ಹೋಗುತ್ತಿದ್ದವು. ಬಸ್ಸಿನ ಬಲಗಡೆಯ ಗಾಜುಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ. ಕಾಲೇಜು ಮುಟ್ಟುವಷ್ಟರಲ್ಲಿ ಬಲಗಡೆಯ ತೋಳು ಒದ್ದೆಯಾಗಿರುತ್ತಿತ್ತು. ಹಾಗಾಗಿ ನಾನು ದಿನಾ ಎಡಗಡೆಯ ಸೀಟು ಹುಡುಕುತ್ತಿದ್ದೆ. ದಿನಾ ಬೇರೆ ಯಾರಾದರೂ ಅಲ್ಲಿ ಕೂತಿರುತ್ತಿದ್ದರು.

ಮೊದಲ ಕೆಲವು ವಾರ ಇಂಗ್ಲಿಷಿನಲ್ಲೇ ಪಾಠ ಮಾಡಿದೆ. ಪುಸ್ತಕ ಇಂಗ್ಲಿಷಿನಲ್ಲಿತ್ತು, ನಾನು ಕಲಿತದ್ದೂ ಹಾಗೆಯೇ. ಪ್ರತಿ ಭಾಗ ಮುಗಿದಾಗ "ಅರ್ಥ ಆಯ್ತಾ?" ಎಂದು ಕೇಳುತ್ತಿದ್ದೆ. "ಹೂಂ ಮೇಡಂ" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತಿತ್ತು. ಮೊದಲ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದಲು ಕೂತಾಗ ಯಾರಿಗೂ ಏನೂ ಅರ್ಥವಾಗಿಲ್ಲವೆಂದು ತಿಳಿಯಿತು.

"ಅರ್ಥ ಆಗದಿದ್ರೆ ಹೂಂ ಅಂತ ಯಾಕೆ ಅಂತಿದ್ರಿ?" ಎಂದು ಮಾರನೇ ದಿನ ಕೇಳಿದೆ.

ಹಿಂದಿನ ಬೆಂಚಿನಿಂದ ಕೊಟ್ರೇಶ ಎದ್ದು ನಿಂತ. ಮಲೆಬೆನ್ನೂರಿನ ಹತ್ತಿರದ ಹಳ್ಳಿಯವನು, ಬಾಯಿ ಜೋರು. "ನೀವು ಹೇಳಿದ್ದು ಕೇಳಿಸ್ತು ಅಂತ ಹೂಂ ಅಂದ್ವಿ ಮೇಡಂ. ಅರ್ಥ ಆಗೈತೆ ಅಂತ ಯಾವಾಗ ಅಂದ್ವಿ?"

ತರಗತಿ ನಕ್ಕಿತು. ಅವನ ಮುಖದಲ್ಲಿ ಮಾತ್ರ ನಗೆಯಿರಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ.

ಅಂದಿನಿಂದ ಕನ್ನಡದಲ್ಲಿ ಪಾಠ ಶುರು ಮಾಡಿದೆ. ಎರಡು ಕಂಪ್ಯೂಟರುಗಳು ಮಾತು ಆರಂಭಿಸುವ ಮುನ್ನ ಪರಸ್ಪರ ಕೈಕುಲುಕುತ್ತವೆ ಎಂದು ಪುಸ್ತಕದಲ್ಲಿತ್ತು. ನಮ್ಮ ಕಡೆ ಯಾರು ಯಾರ ಕೈ ಕುಲುಕುತ್ತಾರೆ? ನಾನು ಬೋರ್ಡಿನ ಮೇಲೆ ಒಂದು ಬಾಗಿಲು ಬರೆದೆ. ಹೊರಗೆ ನಿಂತವರು ಕೂಗುತ್ತಾರೆ: "ಅದೀರೇನ್ರಿ ಮನ್ಯಾಗೆ?" ಒಳಗಿನಿಂದ ಉತ್ತರ: "ಅದೀವಿ ಬರ್ರಿ, ಯಾರದು?" ಹೊರಗಿನವರು: "ನಾನೇ ರೀ, ಬಂದೆ." ಈ ಮೂರು ಮಾತು ಮುಗಿದ ಮೇಲೆಯೇ ಬಂದ ಕೆಲಸದ ಸುದ್ದಿ. ಕಂಪ್ಯೂಟರುಗಳೂ ಇದನ್ನೇ ಮಾಡುತ್ತವೆ ಎಂದೆ.

ಮುಂದಿನ ಸಾಲಿನ ಪರ್ವೀನ್ ಕೈಯೆತ್ತಿದಳು. ಹರಿಹರದವಳು, ಅವಳ ತಂದೆಗೆ ವೆಲ್ಡಿಂಗ್ ಅಂಗಡಿ. ಕಾಲೇಜಿನ ಹಾಸ್ಟೆಲಿನಲ್ಲಿ ಅವಳ ಗೆಳತಿಯರೇ ತುಂಬಿದ್ದರಿಂದ ಅರ್ಧ ದಿನ ಅಲ್ಲೇ ಇರುತ್ತಿದ್ದಳು.

"ಅವ್ರು ಬರ್ರಿ ಅಂದ್ಮೇಲೆ ಇವ್ರು ಬಂದೆ ಅಂತ ಯಾಕ ಹೇಳ್ಬೇಕು ಮೇಡಂ? ಸುಮ್ನೆ ಒಳಗೆ ಹೋದ್ರೆ ಆಗಲ್ವಾ?"

"ಬರ್ರಿ ಅಂದದ್ದು ಹೊರಗೆ ಕೇಳಿಸ್ತೋ ಇಲ್ಲವೋ ಒಳಗಿನವರಿಗೆ ಹೇಗೆ ಗೊತ್ತಾಗಬೇಕು?"

ಅವಳು ಬೋರ್ಡಿನ ಬಾಗಿಲಿನ ಕಡೆ ಬೆರಳು ತೋರಿಸಿದಳು. "ಹಂಗಾದ್ರೆ ಬಂದೆ ಅಂದದ್ದು ಒಳಗೆ ಕೇಳಿಸ್ತೋ ಇಲ್ಲೋ ಹೊರಗಿದ್ದೋರಿಗೆ ಹೆಂಗೆ ಗೊತ್ತಾಗ್ತೈತೆ?"

ಗೊತ್ತಾಗುವುದಿಲ್ಲ. ಆ ಪ್ರಶ್ನೆಗೆ ಕೊನೆಯೇ ಇಲ್ಲ. ಕೇಳಿಸಿತು ಎಂದದ್ದು ಕೇಳಿಸಿತು ಎಂದು ಹೇಳುತ್ತ ಕೂತರೆ ಬಾಗಿಲಲ್ಲೇ ಬೆಳಗಾಗುತ್ತದೆ. ಎಲ್ಲೋ ಒಂದು ಕಡೆ ನಿಲ್ಲಿಸಬೇಕು. ಮೂರು ಮಾತಿಗೆ ನಿಲ್ಲಿಸೋಣ ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಹೀಗೆ ಮೊದಲೇ ಮಾಡಿಕೊಂಡ ಒಪ್ಪಂದಕ್ಕೆ ಪ್ರೋಟೊಕಾಲ್ ಎನ್ನುತ್ತಾರೆ ಎಂದು ಹೇಳಿದೆ. ಅದನ್ನು ಅಷ್ಟು ಸರಳವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪರ್ವೀನ್ ಕೇಳದಿದ್ದರೆ ನಾನೂ ಹೇಳುತ್ತಿರಲಿಲ್ಲ.

ಸುದ್ದಿಯನ್ನು ತುಂಡು ತುಂಡಾಗಿ ಕಳಿಸುತ್ತಾರೆ, ಪ್ರತಿ ತುಂಡೂ ತಲುಪಿದ ಮೇಲೆ ಆ ಕಡೆಯಿಂದ ತಲುಪಿತು ಎಂಬ ಸಣ್ಣ ಉತ್ತರ ಬರಬೇಕು ಎಂದಾಗ ಕೊಟ್ರೇಶ, "ಅಜ್ಜಿ ಕತಿಗೆ ಹೂಂಗುಟ್ಟಿದಂಗೆ" ಎಂದ. ಅದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ. ಹೂಂ ನಿಂತರೆ ಕತೆಯೂ ನಿಲ್ಲುತ್ತದೆ.

"ನನ್ ತಂಗಿ ನಿದ್ದಿಗಣ್ಣಾಗೂ ಹೂಂ ಅಂತಾಳೆ ಮೇಡಂ," ಎಂದಳು ಪರ್ವೀನ್. "ರಾಜನ ತಲಿ ಹೋದ್ರೂ ಹೂಂ, ಉಳಿದ್ರೂ ಹೂಂ."

ಅದಕ್ಕೇ ಪ್ರತಿ ತುಂಡಿಗೂ ಒಂದು ಸಂಖ್ಯೆ ಇರುತ್ತದೆ, ಬರೀ ಹೂಂ ಸಾಲದು, ಎಲ್ಲಿಯವರೆಗೆ ಕೇಳಿತು ಎಂದೂ ಹೇಳಬೇಕು ಎಂದೆ. ಇನ್ನು ಹೂಂ ಕಾಯದೆ ಹೇಳಿಕೊಂಡು ಹೋಗುವ ಪದ್ಧತಿಯೂ ಒಂದಿದೆ. ಆಟೋಗೆ ಮೈಕ್ ಕಟ್ಟಿಕೊಂಡು ಬೀದಿಯಲ್ಲಿ ಸಾರುತ್ತಾ ಹೋಗುವವರ ಹಾಗೆ. ಕೇಳಿದವರು ಕೇಳಲಿ, ಬಿಟ್ಟವರು ಬಿಡಲಿ. ಆ ದಿನ ತರಗತಿ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ನನಗೆ ಈ ಕೆಲಸ ಬೇಕು ಎಂದು ಖಚಿತವಾಗಿ ಅನಿಸಿದ್ದು ಅಂದೇ.

ನಾಟಿ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು ಒಂದು ಕೆಲಸ ಹಚ್ಚಿದರು. ಕಾಲೇಜಿನ ಕಟ್ಟಡದಲ್ಲಿ ಇಂಟರ್‌ನೆಟ್ ಇತ್ತು. ರಸ್ತೆ ಮತ್ತು ಕಾಲುವೆಯ ಆಚೆಗಿದ್ದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೋಗುತ್ತಿದ್ದ ಕೇಬಲನ್ನು ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕಿತ್ತುಹಾಕಿತ್ತು. "ತಂತಿ ಇಲ್ದಂಗೆ ಮಾಡ್ರಿ ಮೇಡಂ, ನಿಮ್ಮ ಸಬ್ಜೆಕ್ಟೇ ಅದಲ್ವೇನ್ರಿ?" ಎಂದರು. ಬೋಗುಣಿಯಷ್ಟು ಅಗಲದ ಎರಡು ಆಂಟೆನಾ ತರಿಸಿದೆವು. ಒಂದು ಕಾಲೇಜಿನ ತಾರಸಿಯ ಮೇಲೆ, ಇನ್ನೊಂದು ಹಾಸ್ಟೆಲಿನ ತಾರಸಿಯ ಮೇಲೆ. ಎರಡೂ ಒಂದನ್ನೊಂದು ದಿಟ್ಟಿಸಿ ನೋಡುವಂತೆ ನಿಲ್ಲಿಸಬೇಕು. ಒಂದು ಬೆರಳಿನಷ್ಟು ಆಚೀಚೆ ತಿರುಗಿದರೂ ಸಿಗ್ನಲ್ ಪಕ್ಕದ ಗದ್ದೆಗೆ ಹೋಗಿ ಬೀಳುತ್ತದೆ.

ಹುಡುಗರಿಗೆ ಹಾಸ್ಟೆಲಿಗೆ ಪ್ರವೇಶವಿರಲಿಲ್ಲ. ಹಾಗಾಗಿ ಕೊಟ್ರೇಶ ಲ್ಯಾಪ್‌ಟಾಪ್ ಹಿಡಿದು ಕಾಲೇಜಿನ ತಾರಸಿಯಲ್ಲಿ, ಪರ್ವೀನ್ ಮತ್ತು ನಾನು ಸ್ಪ್ಯಾನರ್ ಹಿಡಿದು ಹಾಸ್ಟೆಲಿನ ತಾರಸಿಯಲ್ಲಿ. ನಡುವೆ ಮಾತಿಗೆ ಫೋನ್. ಮಳೆ ಜಿನುಗುತ್ತಿತ್ತು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡಿದ್ದೆವು.

"ಕೊಟ್ರೇಶ, ಒಂಚೂರು ಎಡಕ್ಕೆ ತಿರುಗ್ಸೀವಿ. ಸಿಗ್ನಲ್ ಬಂತಾ?" ಎಂದು ಪರ್ವೀನ್ ಕೂಗಿದಳು.

"ಹೂಂ."

ಅವಳು ಫೋನ್ ಇಟ್ಟು ಎಲ್ಲ ಬೋಲ್ಟುಗಳನ್ನೂ ಬಿಗಿದಳು. ಕೆಳಗಿಳಿದು ಬಂದು ನೋಡಿದರೆ ಹಾಸ್ಟೆಲಿನಲ್ಲಿ ಏನೂ ಇಲ್ಲ. ರಸ್ತೆ ದಾಟಿ ಓಡಿ ಬಂದ ಕೊಟ್ರೇಶನನ್ನು ಗೇಟಿನಲ್ಲೇ ಹಿಡಿದಳು.

"ಬಂತು ಅಂದ್ಯಲ್ಲೋ!"

"ನಾನೆಲ್ಲಿ ಬಂತು ಅಂದೆ? ಹೂಂ ಅಂದೆ. ನೀನು ತಿರುಗ್ಸೀವಿ ಅಂದಿದ್ದು ಕೇಳಿಸ್ತು ಅಂತ. ನೋಡಿ ಹೇಳೋಣ ಅನ್ನೋದ್ರೊಳಗೆ ಫೋನ್ ಇಟ್ಟುಬಿಟ್ಟಿ."

"ನಿನ್ನ ಹೂಂಗೆ ಬೆಂಕಿ ಹಾಕ! ಬಾ, ನೀನೇ ಬಿಚ್ಚು ಬಾ ಆ ಬೋಲ್ಟನ್ನ."

"ನಿಮ್ಮ ವಾರ್ಡನ್ ಬಿಡ್ತಾರೇನು ಕೇಳು, ಬರ್ತೀನಿ."

ಇಬ್ಬರನ್ನೂ ಸುಮ್ಮನಾಗಿಸಿದೆ. ಮೂವರೂ ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ತಾರಸಿಯ ಮೇಲೆ ಹೂಂ ಬಂದ್. ಹೇಳಿದ್ದು ಕಿವಿಗೆ ಬಿದ್ದರೆ 'ಕೇಳ್ತು' ಎನ್ನಬೇಕು. ಸಿಗ್ನಲ್ ಸಿಕ್ಕರೆ 'ಬಂತು'. ಸಿಗದಿದ್ದರೆ 'ಇಲ್ಲ'. ಮುಖ್ಯವಾದ ಮಾತಾದರೆ ಕೇಳಿದವರು ಅದನ್ನು ತಿರುಗಿ ಹೇಳಬೇಕು. ಆಮೇಲೆಯೇ ಬೋಲ್ಟು ಬಿಗಿಯುವುದು. ಮಾರನೇ ದಿನ ಅದೇ ಕೆಲಸ ಬೇಗ ಮುಗಿಯಿತು.

ಆದರೂ ಜೋರು ಮಳೆ ಬಂದಾಗಲೆಲ್ಲ ಸಂಪರ್ಕ ತಪ್ಪುತ್ತಿತ್ತು. ತಪ್ಪು ಮಳೆಯದಲ್ಲ, ಕಾಲುವೆಯ ಏರಿಯ ಮೇಲಿದ್ದ ಹೊಂಗೆ ಮರದ್ದು. ಎರಡು ಆಂಟೆನಾಗಳ ನಡುವೆ ನೇರ ಗೆರೆ ಎಳೆದರೆ ಅದು ಮರದ ತುದಿಗಿಂತ ಮೇಲೆಯೇ ಇತ್ತು. ಆದರೆ ಅಲೆಗಳು ಹೋಗುವುದು ಗೆರೆಯಂಥ ದಾರಿಯಲ್ಲಲ್ಲ. ಅವಕ್ಕೆ ಎರಡು ತುದಿಯಲ್ಲಿ ಸಣ್ಣದಾಗಿ ನಡುವೆ ದಪ್ಪಗಿರುವ, ಸೌತೆಕಾಯಿಯಂಥ ಜಾಗ ಬೇಕು. ಆ ಸೌತೆಕಾಯಿಯ ಹೊಟ್ಟೆಗೆ ಹೊಂಗೆಯ ಎಲೆಗಳು ತಾಗುತ್ತಿದ್ದವು. ಒಣಗಿದ್ದಾಗ ಹೇಗೋ ನಡೆಯುತ್ತಿತ್ತು, ಒದ್ದೆಯಾದರೆ ಎಲೆಗಳೇ ಸಿಗ್ನಲನ್ನು ಕುಡಿದುಬಿಡುತ್ತಿದ್ದವು. ಮರ ಕಡಿಸುವ ಮಾತು ಬಂತು. ಬೇಡ, ಕಂಬವನ್ನೇ ಎತ್ತರಿಸೋಣ ಎಂದೆ. ಪರ್ವೀನಳ ತಂದೆ ಉದ್ದದ ಪೈಪು ಬೆಸೆದು ಕೊಡುವುದಾಗಿ ಒಪ್ಪಿಕೊಂಡರು.

ಇದೇ ದಿನಗಳಲ್ಲಿ, ಶ್ರಾವಣದಲ್ಲಿ, ನನ್ನ ಮದುವೆಯ ಮಾತು ಬಂತು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದೊಡ್ಡ ವಿಷಯಗಳನ್ನೆಲ್ಲ ನೋಡಿಕೊಂಡವರು ಮಾವ, ಅಮ್ಮನ ಅಣ್ಣ. ಅವರದು ಮಂಡಿಯಲ್ಲಿ ದಲಾಲಿ ಅಂಗಡಿ. ಆ ವ್ಯಾಪಾರವೆಲ್ಲ ಬಾಯಿಮಾತಿನ ಮೇಲೆ ನಡೆಯುವುದು. ದರ ಹೇಳಿದಾಗ ಎದುರಿನವರು ಹೂಂ ಎಂದರೆ ಮೂಟೆ ಕದಲಿದ ಹಾಗೆಯೇ. ಆಮೇಲೆ ಹಿಂದೆಗೆದವನ ಜೊತೆ ಮಂಡಿಯಲ್ಲಿ ಯಾರೂ ವ್ಯವಹಾರ ಮಾಡುವುದಿಲ್ಲ.

ಮಾವ ತಂದದ್ದು ದಾವಣಗೆರೆಯದೇ ಒಂದು ಜವಳಿ ಅಂಗಡಿಯವರ ಸಂಬಂಧ. ಹುಡುಗ ಸಭ್ಯಸ್ಥ. ನೋಡಲು ಬಂದಾಗ ಹೆಚ್ಚು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಾತಾಡಿದ್ದು ಅವರ ತಾಯಿ.

"ಹರಿಹರಕ್ಕೆ ಓಡಾಡೋದು ಇನ್ಯಾಕ? ಮನಿ ಐತೆ, ಅಂಗಡಿ ಐತೆ. ಕಂಪ್ಯೂಟರ್ ಬರ್ತೈತಲ್ಲ, ಗಲ್ಲೆ ಹತ್ರ ಕುಂತು ಬಿಲ್ಲು ಹಾಕಿದ್ರಾತು," ಎಂದು ನಕ್ಕರು. ಅವರಿಗೆ ಅದು ತಮಾಷೆಯಾಗಿರಲಿಲ್ಲ, ಏರ್ಪಾಡಾಗಿತ್ತು.

ಅವರು ಹೋದ ಮೇಲೆ ಅಮ್ಮ ಕೇಳಿದಳು. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದು ಏನೂ ಉಳಿದಿರಲಿಲ್ಲ. ನನಗೆ ಬೇಡವಾಗಿತ್ತು. ಕಾರಣಗಳಲ್ಲಿ ಆ ತರಗತಿ ಒಂದು. ಉಳಿದವು ನನ್ನವು. ಆದರೆ ಬೇಡ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿರಲಿಲ್ಲ. ಕೇಳಿದಾಗ ಹೇಳಿದರಾಯಿತು ಎಂದು ಕಾಯುತ್ತಿದ್ದೆ.

ಕೇಳಿದ್ದು ಹೀಗೆ. ಶ್ರಾವಣ ಮುಗಿಯುವ ಅಮಾವಾಸ್ಯೆಗೆ ಮಾವ ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿಗೆ ಹೋಗಿದ್ದರು. ಪ್ರತಿ ಅಮಾವಾಸ್ಯೆ ಅಲ್ಲ, ಮನೆಯಲ್ಲಿ ದೊಡ್ಡ ಕೆಲಸವಿದ್ದಾಗ ಹೋಗಿ ಹೊಳೆಯಲ್ಲಿ ಮಿಂದು ಅಜ್ಜಯ್ಯನ ಗದ್ದುಗೆಗೆ ಕೈಮುಗಿದು ಬರುತ್ತಿದ್ದರು. ಕರಿಬಸವೇಶ್ವರ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನುವುದಿಲ್ಲ, ಅಜ್ಜಯ್ಯ ಅಷ್ಟೆ. ಸಂಜೆ ನಾನು ಹರಿಹರದ ಬಸ್ ನಿಲ್ದಾಣದಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದೆ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಫೋನ್ ಬಂತು.

"ಸುಮಾ... ಗದ್ದಿಗಿ... ಕೇಳ್ತೈತಾ?"

"ಹೂಂ ಮಾವ."

ಆ ಕಡೆ ಜನರ ಗಲಾಟೆ, ಘಂಟೆ. ಅಮಾವಾಸ್ಯೆಯ ದಿನ ಅಲ್ಲಿ ಸೇರಿದವರ ಫೋನುಗಳೆಲ್ಲ ಒಂದೇ ಟವರಿಗೆ ಜೋತುಬಿದ್ದಿರುತ್ತವೆ. ದನಿ ತುಂಡಾಗಿ ಬರುತ್ತಿತ್ತು.

"...ಅವ್ರಿಗೆ... ಅಜ್ಜಯ್ಯನ... ನಿನ್ನ... ಐತಲ್ಲವಾ?"

"ಹೂಂ," ಎಂದೆ. ಮಾತು ಮುಂದುವರಿಯಲಿ, ತಿಳಿಯುತ್ತದೆ ಎಂದು. ಮಾತು ಮುಂದುವರಿಯಲಿಲ್ಲ. ಫೋನ್ ಕಡಿದುಹೋಯಿತು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಅಣ್ಣ ಗದ್ದಿಗಿ ಮುಂದೆ ನಿಂತು ಕೇಳ್ದನಂತೆ. ನಿನ್ನ ಒಪ್ಪಿಗಿ ಐತಲ್ಲವಾ ಅಂತ. ನೀನು ಹೂಂ ಅಂದ್ಯಂತೆ. ಅಲ್ಲಿಂದಾನೇ ಅವ್ರಿಗೂ ಫೋನ್ ಮಾಡಿ ಹೇಳ್ಯಾನೆ. ಪಿತೃಪಕ್ಷ ಮುಗೀಲಿ, ದಸರಾ ಆದ್ಮೇಲೆ ನಿಶ್ಚಿತಾರ್ಥ ಅಂದ್ರಂತೆ."

ಸಕ್ಕರೆ ಇನ್ನೂ ನಾಲಿಗೆಯ ಮೇಲಿತ್ತು. ನಾನು ಒದ್ದೆ ಛತ್ರಿ ಮಡಚಿ ಮೂಲೆಗಿಟ್ಟೆ. ಪಕ್ಕದ ಮನೆಯವರು ಆಗಲೇ ಒಳಗೆ ಕೂತಿದ್ದರು.

ಸುದ್ದಿ ಕಾಲೇಜಿಗೆ ಹೇಗೆ ಮುಟ್ಟಿತೋ ತಿಳಿಯದು. ದಾವಣಗೆರೆ, ಹರಿಹರದ ನಡುವೆ ಯಾವ ಸುದ್ದಿಗೂ ಆಂಟೆನಾ ಬೇಕಾಗಿಲ್ಲ. ಉದ್ದದ ಪೈಪು ಬಂದ ದಿನ ನಾವು ಹಾಸ್ಟೆಲಿನ ತಾರಸಿಯಲ್ಲಿದ್ದಾಗ ಪ್ರಿನ್ಸಿಪಾಲರು ಮೆಟ್ಟಿಲ ತನಕ ಬಂದು, "ಶುಭಾಶಯ ರೀ ಮೇಡಂ! ಹಂಗಾದ್ರೆ ಮುಂದಿನ ಸೆಮಿಸ್ಟರಿಗೆ ಬ್ಯಾರೆಯೋರನ್ನ ನೋಡ್ಕೊಳ್ಳೋದೇ ಅನ್ರಿ," ಎಂದು ಹೇಳಿ ಇಳಿದುಹೋದರು.

ಪರ್ವೀನ್ ಸ್ಪ್ಯಾನರ್ ಕೆಳಗಿಟ್ಟಳು. "ನೀವು ಇರಲ್ವಾ ಮೇಡಂ? ಮದ್ವಿಗೆ ಒಪ್ಪಿದ್ರಾ?"

ಇಂಥ ಪ್ರಶ್ನೆಗಳಿಗೆ ನಾನು ವಿದ್ಯಾರ್ಥಿಗಳಿಗೆ ಉತ್ತರ ಕೊಡುವವಳಲ್ಲ. ಅಂದು ಯಾಕೋ ಕೊಟ್ಟೆ. "ಹೂಂ ಅಂದೆ. ಅಷ್ಟೆ."

ಅವಳು ನನ್ನನ್ನೇ ನೋಡಿದಳು. "ತಾರಸಿ ಮ್ಯಾಲೆ ಹೂಂ ಬಂದ್ ಐತಲ್ರೀ ಮೇಡಂ."

ಆ ಕಡೆಯ ತಾರಸಿಯಿಂದ ಫೋನಿನಲ್ಲಿ ಕೊಟ್ರೇಶ ಕೂಗುತ್ತಿದ್ದ. "ಯಾಕ ಸುಮ್ನಾದ್ರಿ? ತಿರುಗ್ಸಿದ್ರಾ? ಬಂತು, ಬಂತು, ಬಂತು ಅಂತಿದೀನಿ, ಕೇಳ್ತಾ?"

"ಕೇಳ್ತು. ಬಂತು ಅಂದಿ," ಎಂದು ಪರ್ವೀನ್ ತಿರುಗಿ ಹೇಳಿ ಬೋಲ್ಟು ಬಿಗಿದಳು. ಕಂಬ ಎತ್ತರವಾಗಿತ್ತು. ಹೊಂಗೆ ಮರ ಈಗ ಬಹಳ ಕೆಳಗಿತ್ತು.

ಭಾನುವಾರ ಬೆಳಿಗ್ಗೆ ಮಾವ ನಮ್ಮ ಮನೆಗೆ ಬಂದರು. ಅಮ್ಮ ಒಗ್ಗರಣೆ ಮಂಡಕ್ಕಿ ಮಾಡಿದ್ದಳು. ನಿಶ್ಚಿತಾರ್ಥಕ್ಕೆ ಯಾರ್‍ಯಾರನ್ನು ಕರೆಯಬೇಕು ಎಂದು ಮಾವ ಬೆರಳು ಮಡಚುತ್ತಿದ್ದರು. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಸಾಮಾನ್ಯವಾಗಿ ಅಲ್ಲಿ ಕೂರುವವಳಲ್ಲ.

"ಮಾವ, ಅವತ್ತು ಉಕ್ಕಡಗಾತ್ರಿಯಿಂದ ನೀವು ಏನು ಕೇಳಿದ್ರಿ?"

"ನಿನ್ನ ಒಪ್ಪಿಗಿ ಐತಲ್ಲವಾ ಅಂತ ಕೇಳ್ದೆ. ನೀನು ಹೂಂ ಅಂದಿ."

"ಒಪ್ಪಿಗೆ ಅನ್ನೋ ಮಾತು ನನಗೆ ಕೇಳಿಸ್ಲೇ ಇಲ್ಲ. ನಾನು ಹೂಂ ಅಂದದ್ದು ನಿಮ್ಮ ದನಿ ಬರ್ತೈತೆ ಅಂತ."

ಮಾವನ ಕೈ ತಟ್ಟೆಯ ಮೇಲೆ ನಿಂತಿತು. "ದನಿ ಬರ್ತೈತೆ ಅಂದ್ರೆ? ಅಜ್ಜಯ್ಯನ ಮುಂದೆ ಆಡಿದ ಮಾತವಾ ಅದು."

"ಮಾತು ಆಡ್ಲಿಲ್ಲ ಮಾವ. ಹೂಂ ಅಂದೆ."

"ಹೂಂ ಅಂದ್ರೆ ಹೌದು ಅಂತ ಅಲ್ಲೇನು?" ಅವರ ದನಿ ಏರಿತು. "ನಮ್ಮನಿ ಹೆಣ್ಮಕ್ಕಳು ಯಾವಾಗ ಬಾಯಿಬಿಟ್ಟು ಹೌದು ಅಂದಾರೆ? ಹೂಂ ಅಂದ್ರೆ ಮುಗೀತು. ನಿಮ್ಮಮ್ಮನ್ನ ಕೇಳು. ನಿಮ್ಮಪ್ಪನ ಸಂಬಂಧ ಬಂದಾಗ ಕೇಳಿದೋನು ನಾನೇ. ಆಕಿನೂ ಹೂಂ ಅಂದಿದ್ಲು."

ಅಮ್ಮ ಅಡುಗೆಮನೆಯಿಂದ ಚಹಾ ತರುತ್ತಿದ್ದಳು. ಲೋಟ ಇಡುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು: "ನಾನೂ ಕೇಳಿಸ್ತು ಅಂತಾನೇ ಅಂದಿದ್ದೆ ಅಣ್ಣ."

ಮಾವ ತಿರುಗಿ ನೋಡಿದರು.

"ಆಮ್ಯಾಲೆ ಒಪ್ಪಿದೆ. ಛಲೋ ಮನುಷ್ಯ, ಒಪ್ಪದೆ ಏನು. ಅದು ಬ್ಯಾರೆ ಮಾತು," ಎಂದು ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅವತ್ತು ಅಂದಿದ್ದು ಮಾತ್ರ ಕೇಳಿಸ್ತು ಅಂತ."

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು. ಅದು ಚಾಲೂ ಆಗಿ ದೂರ ಹೋಯಿತು.

"ಈಗ ಕೇಳಿ ಮಾವ," ಎಂದೆ. "ನಾನು ಒಲ್ಲೆ."

ಒಲ್ಲೆ ಎಂಬುದು ನಮ್ಮ ಮನೆಯಲ್ಲಿ ದಿನಾ ಬಳಸುವ ಮಾತು. ಇನ್ನೊಂದು ರೊಟ್ಟಿ ಒಲ್ಲೆ, ಚಹಾ ಒಲ್ಲೆ. ಇಷ್ಟು ದೊಡ್ಡದಕ್ಕೆ ಅದನ್ನು ಬಳಸಿದ್ದು ನಾನು ಅದೇ ಮೊದಲು.

"ನಾನು ಏನಂದೆ ಅನ್ನೋದನ್ನ ಒಂದು ಸಲ ನೀವು ಹೇಳಿ ಮಾವ," ಎಂದೆ. ಅವರಿಗೆ ಅದು ಧಿಮಾಕಿನ ಮಾತಾಗಿ ಕೇಳಿರಬಹುದು. ನಾನು ಬೇಡಿಕೊಂಡಿದ್ದೆ.

ಮಾವ ಚಹಾ ಮುಟ್ಟಲಿಲ್ಲ. ಎದ್ದು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಉತ್ತರ ಬಾರದಿದ್ದಾಗ ಕಳಿಸಿದವರಿಗೆ ಎರಡು ಅನುಮಾನ: ಸುದ್ದಿ ತಲುಪಲಿಲ್ಲವೋ, ಸುದ್ದಿ ತಲುಪಿ ಉತ್ತರ ದಾರಿಯಲ್ಲಿ ಕಳೆಯಿತೋ. ಎರಡಕ್ಕೂ ಈ ಕಡೆಯಿಂದ ಕಾಣುವುದು ಒಂದೇ ಮೌನ. ಅಂಥಾಗ ಮತ್ತೆ ಕಳಿಸಬೇಕು, ಆದರೆ ಬಿಡದೆ ಬಡಿಯಬಾರದು, ಪ್ರತಿ ಸಲ ಕಾಯುವ ಅವಧಿಯನ್ನು ಹಿಗ್ಗಿಸುತ್ತ ಹೋಗಬೇಕು ಎಂದು ಆ ವಾರ ನಾನೇ ಪಾಠ ಮಾಡಿದ್ದೆ. ಮಾವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಒಂದು ದಿನ ಬಿಟ್ಟು ಮಾಡಿದೆ, ಎತ್ತಲಿಲ್ಲ. ಆಮೇಲೆ ಇನ್ನೂ ಕೆಲವು ದಿನ ಬಿಟ್ಟು. ಅಮ್ಮ ಮಾತ್ರ ಅತ್ತೆಯ ಜೊತೆ, ಮಾವನ ಹೆಂಡತಿಯ ಜೊತೆ, ಮಾತಾಡುತ್ತಿದ್ದಳು. ಮಾವ ಊಟ ಸರಿಯಾಗಿ ಮಾಡುತ್ತಿಲ್ಲ, ಮಂಡಿಯಲ್ಲಿ ಜನಕ್ಕೆ ಹೇಗೆ ಮುಖ ತೋರಿಸಲಿ ಅನ್ನುತ್ತಾರೆ, ಅಜ್ಜಯ್ಯನಿಗೆ ಏನು ಹೇಳಲಿ ಅನ್ನುತ್ತಾರೆ ಎಂದು ಅತ್ತೆ ಹೇಳಿದರಂತೆ. ಜವಳಿಯವರಿಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ ಅತ್ತೆಗೂ ಗೊತ್ತಿರಲಿಲ್ಲ. ದಸರಾ ಹತ್ತಿರ ಬರುತ್ತಿತ್ತು.

ಮಳೆ ಕಡಿಮೆಯಾಯಿತು. ಗದ್ದೆಗಳಲ್ಲಿ ಪೈರು ಹೊಡೆ ಕಟ್ಟಿ, ತೆನೆ ಹೊರಬರಲು ಸಿದ್ಧವಾಗಿತ್ತು. ಹಾಸ್ಟೆಲಿನ ಹುಡುಗಿಯರು ಈಗ ಇಂಟರ್‌ನೆಟ್ ನಿಧಾನ ಎಂದು ದೂರುತ್ತಿದ್ದರು. ಇಲ್ಲವೆಂಬ ದೂರು ಹೋಗಿ ನಿಧಾನವೆಂಬ ದೂರು ಬಂದರೆ ಕೆಲಸ ಆಯಿತೆಂದೇ ಅರ್ಥ.

ಮಹಾಲಯ ಅಮಾವಾಸ್ಯೆಯ ದಿನ ರಜೆಯಿದ್ದರೂ ಮಧ್ಯಾಹ್ನ ಕಾಲೇಜಿನ ತಾರಸಿಯ ಮೇಲೆ ಹೆಚ್ಚುವರಿ ತರಗತಿ ಇಟ್ಟುಕೊಂಡಿದ್ದೆ. ಎರಡು ಆಂಟೆನಾಗಳ ನಡುವಣ ದಾರಿಯನ್ನು ಕಣ್ಣಿನಿಂದ ನೋಡಿದರೆ ಬೋರ್ಡಿನ ಚಿತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಫೋನ್ ಬಂತು. ಮಾವ.

ಪರ್ವೀನಳಿಗೆ ಮುಂದಿನದನ್ನು ವಿವರಿಸಲು ಹೇಳಿ ಮೂಲೆಗೆ ಸರಿದೆ. ಆ ಕಡೆ ಜನರ ಗದ್ದಲ, ಘಂಟೆ, ನೀರಿನ ಸದ್ದು. ಉಕ್ಕಡಗಾತ್ರಿ ಎಂದು ಗೊತ್ತಾಯಿತು.

"ಸುಮಾ... ನಾನು... ಹೇಳಿ..."

"ಕೇಳಿಸ್ಲಿಲ್ಲ ಮಾವ. ಮತ್ತೊಮ್ಮೆ ಹೇಳಿ."

"...ಗದ್ದಿಗಿ... ಹುಡುಗಿ... ಅಂತ..."

"ಕೇಳಿಸ್ಲಿಲ್ಲ ಮಾವ. ಇನ್ನೊಂದು ಸಲ."

ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ. ಮಾವ ಒಂದು ಮಾತನ್ನು ಎರಡನೇ ಸಲ ಹೇಳುವವರಲ್ಲ. ಅವರು ಗುಂಪಿನಿಂದ ಆಚೆ ಹೊಳೆಯ ಕಡೆ ನಡೆಯುತ್ತಿದ್ದರೆಂದು ತೋರುತ್ತದೆ. ಗದ್ದಲ ಕಡಿಮೆಯಾಗಿ ನೀರಿನ ಸದ್ದು ಹೆಚ್ಚಾಯಿತು. ಆಮೇಲೆ, ಮಂಡಿಯಲ್ಲಿ ದರ ಕೂಗುವ ದನಿಯಲ್ಲಿ, ಹೊಳೆಯ ದಂಡೆಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ, ಒಂದೊಂದೇ ಮಾತು ಬಿಡಿಸಿ ಹೇಳಿದರು:

"ನಮ್ಮ ಹುಡುಗಿ ಒಲ್ಲೆ ಅಂದ್ಲು ಅಂತ ಅಜ್ಜಯ್ಯಗೆ ಹೇಳ್ದೆ! ಜವಳಿಯೋರ ಮನಿಗೆ ನಿನ್ನೆನೇ ಹೋಗಿ ಹೇಳಿ ಬಂದೆ! ಈಗ ಕೇಳ್ತಾ?"

ಗದ್ದೆಗಳ ಮೇಲೆ ಗಾಳಿ ಬೀಸಿ ಹಸಿರೆಲ್ಲ ಒಂದೇ ಕಡೆ ವಾಲಿತು. ಹಿಂದೆ ಪರ್ವೀನ್ ಸೌತೆಕಾಯಿಯ ವಿವರಣೆ ಕೊಡುತ್ತಿದ್ದಳು.

"ಕೇಳ್ತು ಮಾವ," ಎಂದೆ. "ಹುಡುಗಿ ಒಲ್ಲೆ ಅಂದ್ಲು ಅಂತ ಅಜ್ಜಯ್ಯಗೂ ಹೇಳಿದ್ರಿ, ಅವರಿಗೂ ಹೇಳಿದ್ರಿ."

ಆ ಕಡೆ ಹೊಳೆಯ ಸದ್ದಿನ ನಡುವೆ ಘಂಟೆ ಹೊಡೆಯಿತು.

"ಹೂಂ," ಎಂದರು ಮಾವ.

ಅದು ಯಾವ ಹೂಂ ಎಂದು ನಾನು ಕೇಳಲಿಲ್ಲ.